ಟೂಟೂ ಮತ್ತು ಆಯಿ

ಮಾನ್ಯ ಸಭಾಸದರೇ, ಮೇಲಿನ ಲೋಕದಲ್ಲಿ ಮುಂದಿನ ಸಾಲು ಹಿಡಿದಿರುವ ನಮ್ಮ ಅವ್ವನವರೇ,

ಈ ಪರದೇಶದ ಊರು ಕ್ರಾನ್‌ಬರ್ನ್‌ನಲ್ಲಿ ನಮ್ಮ ಪಕ್ಕದ ಮನೆಗೆ ಹವಾಯಿಯಿಂದ ಒಬ್ಬ ಅಜ್ಜಿ ಬಂದಿದ್ದಾರೆ. ಅವರಲ್ಲಿ ಅಜ್ಜಿಯೂ ಟೂಟೂ, ಅಜ್ಜನೂ ಟೂಟೂ, ತಕರಾರಿಲ್ಲ ಎಳ್ಳಷ್ಟೂ. ಇವತ್ತು ಸ್ಕೂಲ್ ಗೇಟಿನಲ್ಲಿ ನಿನ್ನ ಮೊಮ್ಮಗಳು ಮಧುರಾ "ಟೂಟೂ!" ಎಂದು ಕೂಗುತ್ತ ಓಡಿ ಅವರನ್ನು ತಬ್ಬಿಕೊಂಡಳು. ಸುತ್ತಲಿನವರು ಯಾರೂ ಅರ್ಥ ಕೇಳಲಿಲ್ಲ, ಸುಮ್ಮನೆ ನಕ್ಕರು.

"ಅಪ್ಪಾ, ವಾಟ್ ಡಿಡ್ ಐ ಕಾಲ್ ಯುವರ್ ಮಮ್?"

"ಗ್ರ್ಯಾಂಡ್‌ಮಾ," ಎಂದೆ.

ನೀನು ಧಾರವಾಡದಿಂದ ಬಂದಿದ್ದಾಗ ಇದೇ ಗೇಟಿನಲ್ಲಿ ಅವಳಿಗೆ, "ನಮ್ಮ ಕಡೆ ಅಜ್ಜಿಗೆ ಆಯಿ ಅಂತಾರ, ಆಯಿ ಅನ್ನು ಕೂಸ," ಎಂದು ಕಲಿಸುತ್ತಿದ್ದೆ. "ಬ್ಯಾಡ ಬಿಡವ್ವಾ, ಇಲ್ಲಿ ಯಾರಿಗೂ ತಿಳಿಯಂಗಿಲ್ಲ," ಎಂದು ನಾನೇ ಬಿಡಿಸಿದೆ.

ಅದು ನೆಪ. ನನಗೆ ನಾಚಿಕೆಯಾಗಿತ್ತು, ಅವ್ವಾ.