ಎದುರು ಕೂತು ಕಂಡ ಅಕ್ಷರ

ಮಾಘ ಬಹುಳ ಇಪ್ಪತ್ತೊಂದು, ಎರಡು ಸಾವಿರದ ಇನ್ನೂರ ಮೂವತ್ತೆಂಟನೆಯ ಇಸವಿ
ಗಾಳಿಕಂಬದೂರು, ಕಪ್ಪತಗುಡ್ಡದ ಬುಡ

ಇನ್ನೂ ಹಲ್ಲು ಮೂಡದ ನಮ್ಮ ಮುತ್ತಜ್ಜಂದಿರೇ, ಮುತ್ತಜ್ಜಿಯರೇ,

ಬಹುಳಕ್ಕೆ ಇಪ್ಪತ್ತೊಂದನೆಯ ದಿನ ಎಲ್ಲಿಂದ ಬಂತೆಂದು ಪಂಚಾಂಗ ತೆರೆಯಬೇಡಿ. ನಮ್ಮಲ್ಲಿ ಗಾಳಿ ದಿಕ್ಕು ಬದಲಿಸುವವರೆಗೂ ತಿಂಗಳನ್ನು ಎಳೆಯುತ್ತಾರೆ. ಚಂದ್ರ ಪಾಪ, ತನ್ನ ಪಾಡಿಗೆ ತಾನು. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ಪತ್ರವನ್ನು ‘ಡಿಯರ್ ಸರ್ ಆರ್ ಮೇಡಂ, ವಿತ್ ರೆಫರೆನ್ಸ್ ಟು ದಿ ಅಬೌವ್’ ಎಂದು ಆರಂಭಿಸಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಆ ಅಬೌವ್‌ನಲ್ಲಿ ಏನಿರಬೇಕೆಂಬುದು ಮರೆತುಹೋಗಿದೆ.

ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆಯೆಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬೊಬ್ಬರಿಗೆ ಜನ್ಮಕ್ಕೊಂದೇ ಪತ್ರ. ಪಕ್ಕದ ಮನೆಯ ಗುರುಪಾದಪ್ಪ ತನ್ನ ಪಾಲಿನದನ್ನು ಯಾವುದೋ ಮಾವಿನ ತಳಿ ಉಳಿಸಿಕೊಳ್ಳಿರೆಂದು ನಿಮಗೆ ಹೇಳಲು ಖರ್ಚು ಮಾಡಿದ. ಹಣ್ಣು ಇನ್ನೂ ಬಂದಿಲ್ಲ, ದಿನಾ ಅಂಗಳ ನೋಡುತ್ತಾನೆ. ನಾನು ಕೇಳಬೇಕಾದದ್ದು ಮಾವಿನಷ್ಟು ರುಚಿಯದ್ದಲ್ಲ, ಆದರೂ ಹೇಳುತ್ತೇನೆ.

ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ಪ್ರತಿಯೊಬ್ಬರ ಕಿವಿಯ ಹಿಂದೆ ಉಲಿಗವೆಂಬ ಹುಣಸೆಬೀಜದಷ್ಟು ಮಣಿ ಇರುತ್ತದೆ. ಕಂಡ ಅಕ್ಷರವನ್ನು ಅದು ಓದಿ ಹೇಳುತ್ತದೆ, ನಾವು ಆಡಿದ್ದನ್ನು ಅಚ್ಚು ಹಾಕುತ್ತದೆ. ಈ ಪತ್ರವನ್ನೂ ನಾನು ಆಡುತ್ತಿದ್ದೇನೆ. ಅದಕ್ಕೇ ಹೀಗೆ ಹರಿದಾಡುತ್ತಿದೆ. ಮುಗಿದ ಅಕ್ಷರಗಳ ಚಿತ್ರಗಳು ನಮ್ಮ ಹತ್ತಿರ ರಾಶಿ ಇವೆ. ಬರೆಯುತ್ತಿರುವ ಕೈಯ ಚಿತ್ರವನ್ನು ಮಾತ್ರ ಯಾರೂ ಇಟ್ಟುಕೊಳ್ಳಲಿಲ್ಲ. ಅಕ್ಷರ ಎಲ್ಲಿ ಶುರುವಾಗುತ್ತದೆ, ಎಲ್ಲಿ ಬಳುಕುತ್ತದೆ, ಯಾವ ತಿರುವಿನಲ್ಲಿ ಕೈ ಉಸಿರು ಬಿಡುತ್ತದೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ಅದು ಗೊತ್ತಿದ್ದವಳು ನನ್ನ ಹೆಂಡತಿ ನೀಲಾಂಬಿಕೆ. ಅವಳ ಅಜ್ಜಿ ಕೈ ಹಿಡಿದು ತಿದ್ದಿಸಿದ್ದಳಂತೆ, ಆ ಅಜ್ಜಿಗೆ ಅವಳ ಅಜ್ಜಿ. ತಲೆ ನರೆತ ಮೇಲೆ ಇವಳಿಗೆ ಒಂದು ದಿನ ಇದ್ದಕ್ಕಿದ್ದಂತೆ, ಇದು ನನ್ನಲ್ಲೇ ನಿಂತರೆ ಹೇಗೆ ಎಂದು ದಿಗಿಲಾಯಿತು. ಓಣಿಯ ಮಕ್ಕಳನ್ನು ಅಡುಗೆಮನೆಗೆ ಕರೆತಂದಳು. ಅಗಲವಾದ ಪರಾತದಲ್ಲಿ ಜೋಳದ ಹಿಟ್ಟು ಹರಡಿ, ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಬೆರಳು ಹಿಡಿದು ತಿದ್ದಿಸುವಳು. ಮಗು ತಾನಾಗಿ ಬರೆಯುವಂತಾದ ದಿನ ಅದೇ ಹಿಟ್ಟಿಗೆ ಕುದಿನೀರು ಹೊಯ್ದು ನಾದಿ, ರೊಟ್ಟಿ ಬಡಿದು, ಆ ಮಗುವಿಗೇ ತಿನ್ನಿಸುವುದು ಅವರ ಮನೆತನದ ಪದ್ಧತಿ. ಕಲಿತ ಅಕ್ಷರ ಹೊಟ್ಟೆಗೆ ಹೋಗಬೇಕು, ಹೊರಗೆ ಉಳಿಯಬಾರದು. ಹಾಗಾಗಿ ಅವಳು ಬರೆದದ್ದು ಒಂದೂ ಉಳಿದಿಲ್ಲ. ಎಲ್ಲವನ್ನೂ ಮಕ್ಕಳು ಬೆಣ್ಣೆ ಹಚ್ಚಿಕೊಂಡು ತಿಂದವು.

ರೊಟ್ಟಿ ಬೇಯಿಸುವ ಕೆಲಸ ನನ್ನದು. ಒಲೆ ಪರಾತದ ಆಚೆ ಬದಿಗೆ. ನಾನು ಕೂತದ್ದು ಯಾವಾಗಲೂ ಅವಳಿಗೆ ಎದುರಾಗಿ.

ತ ಕಲಿಸಿದ ವಾರ ಅವಳು ಹೋದಳು. ಮಕ್ಕಳಿಗೆ ವಿಷಯ ತಿಳಿದಿತ್ತು. ಆದರೂ ಹದಿಮೂರನೆಯ ದಿನ ಮುಗಿದ ಬೆಳಿಗ್ಗೆ ಬಂದು ಪರಾತದ ಸುತ್ತ ಕೂತುಬಿಟ್ಟವು. ಎಬ್ಬಿಸಿ ಕಳಿಸಲು ನನಗೆ ಬಾಯಿ ಬರಲಿಲ್ಲ. ಹಳೆಯದನ್ನೇ ತಿದ್ದಿಸೋಣವೆಂದು ಅವಳ ಜಾಗದಲ್ಲಿ ಕೂತೆ. ಕಣ್ಣಿಗೆ ಕಟ್ಟಿದ ಹಾಗಿತ್ತು, ಬೆರಳು ಸರಾಗವಾಗಿ ಓಡಿತು. ಪ್ರಾಕ್ಟೀಸ್ ಮೇಕ್ಸ್ ಎ ಮ್ಯಾನ್, ಮುಂದೇನೋ ಇದೆಯಲ್ಲ, ಅದು ನಾನೇ ಎಂದುಕೊಂಡೆ. ಆಗ ಇಮಾಂಬಿ ಎಂಬ ಐದು ವರ್ಷದ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಳು. “ಅಜ್ಜಾ, ನೀ ಗ ಬರಿಯಾಕತ್ತಿಲ್ಲ. ಅದನ್ನ ಹಿಂದ ಹಿಂದ ನಡಸಾಕತ್ತಿ!” ಉಳಿದವು ಕೇಕೆ ಹಾಕಿದವು. ನೋಡಿದರೆ ನಿಜ. ಅವಳ ಎಡ ನನಗೆ ಬಲ, ಅವಳು ಏರಿದ್ದು ನನಗೆ ಇಳಿದದ್ದು. ಅಷ್ಟು ದಿನ ಎದುರು ಕೂತು ನೋಡಿದ್ದನ್ನು ಹಾಗೆಯೇ ನೆನಪಿಟ್ಟಿದ್ದೆ. ಆಕಾರ ಚಿತ್ರಗಳಿಂದ ಗೊತ್ತಿದ್ದರಿಂದ ಬರೆದು ಮುಗಿಸಿದರೆ ಗ ಗ-ದಂತೆಯೇ ಕಾಣುತ್ತಿತ್ತು; ನಡಿಗೆ ಮಾತ್ರ ಉಲ್ಟಾ.

ತ-ವರೆಗೆ ಮಕ್ಕಳೇ ನನ್ನನ್ನು ತಿದ್ದಿದವು. ಥ-ದಿಂದಾಚೆ ತಿದ್ದುವವರು ಯಾರಿದ್ದಾರೆ? ಚಿತ್ರ ನೋಡಿ ನಾನೇ ಒಂದು ದಾರಿ ಮಾಡಿಕೊಟ್ಟೆ. ಮಕ್ಕಳ ಬೆರಳು ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ, ಒಂದು ಅಕ್ಷರದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಕೆಲವು ಮಕ್ಕಳು ಬರುವುದನ್ನು ಬಿಟ್ಟವು. ಒಬ್ಬಳು ತಾಯಿ ಬಾಗಿಲಲ್ಲೇ ನಿಂತು, “ಅಜ್ಜಾರ, ಉಲಿಗ ಐತಲ್ರೀ. ಕೂಸಿನ್ನ ಯಾಕ ಸುಮ್ನ ಹಿಟ್ಟಿನಾಗ ಹೊಳ್ಳಾಡಸ್ತೀರಿ?” ಎಂದಳು. ಬೈದಳೆಂದಲ್ಲ, ಕನಿಕರಕ್ಕೆ ಹೇಳಿದಳು. ಅದೇ ಹೆಚ್ಚು ನೋಯಿತು. ಇಮಾಂಬಿ ಮಾತ್ರ ಇನ್ನೂ ಬರುತ್ತಾಳೆ. ನಾನು ತಪ್ಪು ದಾರಿ ಹಿಡಿಸಿದರೆ ಅವಳ ಕೈ ಅದನ್ನೇ ನಂಬುತ್ತದೆ, ಮುಂದೆ ಅವಳು ಯಾರ ಕೈ ಹಿಡಿದರೂ ಅದೇ ದಾಟುತ್ತದೆ. ಈ ಭಯಕ್ಕೆ ಕೆಲವು ದಿನಗಳಿಂದ ಬರಿ ಹಳೆಯ ಅಕ್ಷರಗಳ ರೊಟ್ಟಿಯನ್ನೇ ಬೇಯಿಸಿ ಕೊಡುತ್ತಿದ್ದೇನೆ. ಅವಳಿಗೆ ಗೊತ್ತಾಗಿದೆ. “ಥ ಯಾವಾಗ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ತಿನ್ನುತ್ತಾಳೆ.

ನನಗೂ ಒಂದು ಹಂಬಲವಿದೆ, ಮುದುಕನದು, ನಗಬೇಡಿ. ನೀಲಾಂಬಿಕೆ ನನ್ನ ಕೈಯನ್ನು ಜಾತ್ರೆಯ ನೂಕುನುಗ್ಗಲಲ್ಲಿ ಹಿಡಿದಿದ್ದಾಳೆ, ಆಸ್ಪತ್ರೆಯಲ್ಲಿ ಹಿಡಿದಿದ್ದಾಳೆ, ಕೊನೆಗೆ ಮಾತು ನಿಂತ ಮೇಲೂ ಹಿಡಿದಿದ್ದಳು. ಅಕ್ಷರಕ್ಕೆಂದು ಒಮ್ಮೆಯೂ ಹಿಡಿಯಲಿಲ್ಲ. ಕಾಲೇಜು ಮುಗಿಸಿದ ಗಂಡನಿಗೆ ತಿದ್ದಿಸುವುದುಂಟೇ ಎಂಬ ಯೋಚನೆಯೂ ನಮ್ಮಿಬ್ಬರಿಗೆ ಬರಲಿಲ್ಲ. ಈಗ ಖಾಲಿ ಪರಾತದ ಮುಂದೆ ಕೂತಾಗ ಬೆನ್ನಿಗೆ ಅವಳ ಬಿಸಿಯುಸಿರು ತಾಕಬಾರದೇ, ಬೆರಳ ಮೇಲೆ ಆ ಬಳೆಯ ತಣ್ಣನೆ ಅಂಚು ಬಂದು ಕೂರಬಾರದೇ ಎನ್ನಿಸುತ್ತದೆ.

ಹಿಂದಂಚೆಗೆ ಮಾರುತ್ತರವಿಲ್ಲ. ನೀವು ಈಗ ಮಾಡಿದ್ದು ನಮಗೆ ತಲುಪುವುದಾದರೆ ಆಗಲೇ ತಲುಪಿರಬೇಕಿತ್ತಲ್ಲ ಎಂದು ಗುರುಪಾದಪ್ಪ ವಾದಿಸುತ್ತಾನೆ. ಇದಕ್ಕೆ ಇಂಗ್ಲಿಷಿನಲ್ಲಿ ಪ್ಯಾರಾ ಎಂದೇನೋ ಶುರುವಾಗುವ ದೊಡ್ಡ ಪದವಿದೆ, ಪ್ಯಾರಾಚೂಟ್ ಅಂತೂ ಅಲ್ಲ. ನನಗೆ ವಾದ ಬೇಡ. ದೂರದ ಯಾವುದೋ ಊರಲ್ಲಿ, ನಾನರಿಯದ ಯಾರದೋ ಕೈಯಲ್ಲಿ ಥ-ದ ನಡಿಗೆ ಇನ್ನೂ ಇರಬಹುದು, ಇಲ್ಲಿಗೆ ಬರುವ ದಾರಿಯಲ್ಲಿರಬಹುದು.

ಆದ್ದರಿಂದ ಬೇಡುವುದಿಷ್ಟು. ನಿಮ್ಮ ಮನೆಯಲ್ಲಿ ಒಂದು ಮಗುವಿದ್ದರೆ ಇವತ್ತೇ ಅದರ ಹಿಂದೆ ಕೂತುಕೊಳ್ಳಿ. ಎದುರಿಗೆ ಬೇಡ, ಹಿಂದೆ. ಅದರ ಕೈ ಮೇಲೆ ನಿಮ್ಮ ಕೈಯಿಡಿ. ಥ ಬರೆಯಿಸಿ. ಅವಸರ ಮಾಡಬೇಡಿ, ಇಲ್ಲಿ ಒಬ್ಬಳು ಹುಡುಗಿ ಕಾಯುತ್ತಾ ಕೂತಿದ್ದಾಳೆ.

ನಿಮ್ಮ ಒಬೀಡಿಯಂಟ್ ಮರಿಮೊಮ್ಮಗ,
ಚನ್ನವೀರಯ್ಯ