ಗರಗಸದ ಮೆಶಿನ್ನಿನ ಎರಡು ತೂತು

ಅಪ್ಪಾ,

ದೋಣಿಗಲ್ಲಿನ ಎಸ್ಟೇಟಿನವರು ಕೊಡುತ್ತೇವೆ ಅಂದಿದ್ದು ಮೂರು: ಆಸ್ಪತ್ರೆ ಖರ್ಚು, ಕೂತು ಮಾಡುವ ಕೆಲಸ, ಕಡೇತನಕ ಇರಲು ಕೂಲಿಯವರ ಸಾಲಿನಲ್ಲಿ ಒಂದು ಲೈನ್ ಮನೆ. ಮೂರೂ ಕೊಡಲಿಲ್ಲ. ಕೊಟ್ಟಿದ್ದು ಒಂದು ಸಾಲು. 'ಬಡಗಿಯು ಬ್ಲೇಡಿನ ಕವರನ್ನು ತಾನೇ ಬಿಚ್ಚಿಟ್ಟು ಮರ ಕೊಯ್ದದ್ದರಿಂದ ಅಪಘಾತ.' ಸಹಿ ಮಾಡಲು ಬರುತ್ತಿದ್ದ ನಿನ್ನಿಂದ ಅದರ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಹಿ ಮಾಡುವ ಕೈಯಲ್ಲಿ ಮೂರು ಬೆರಳು ಉಳಿದಿರಲಿಲ್ಲ.

ಸಕಲೇಶಪುರದ ಆಸ್ಪತ್ರೆಯಿಂದ ನೀನು ಬಂದ ದಿನವೇ ನಾನೂ ಕೂಲಿ ಕಾರ್ಮಿಕರ ಸಂಘದ ಶಿಬಿರ ಮುಗಿಸಿ ಬಂದಿದ್ದೆ, ಬಾಯಿ ತುಂಬ ಘೋಷಣೆ. ಆದರೂ ಮೊದಲ ಪ್ರಶ್ನೆ ಕೇಳಿದ್ದು ಧಣಿಗಲ್ಲ, ನಿನಗೆ. ಕವರ್ ನೀನೇ ಬಿಚ್ಚಿದ್ದಾ ಅಂದೆ. "ಇದ್ರೆ ತಾನೆ ಕಣವ್ವ, ಬಿಚ್ಚೋದು" ಅಂದು ನೀನು ಗೋಡೆ ಕಡೆ ತಿರುಗಿದೆ. ನಾನು ನಂಬಲಿಲ್ಲ. ಸಣ್ಣ ಪಟ್ಟಿ ಕೊಯ್ಯುವಾಗ ಕವರ್ ಅಡ್ಡ ಬರುತ್ತೆ, ಬಡಗಿಗಳೆಲ್ಲ ಬಿಚ್ಚಿಡ್ತಾರೆ ಅಂತ ಹಿಂದೆ ನೀನೇ ಹೇಳಿದ್ದೆಯಲ್ಲ. ಮೇಲಾಗಿ ವಿಚಾರಣೆಯ ದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ನೀನು ಬಿಚ್ಚಿಟ್ಟಿದ್ದು ಇದೇ ಅಂತ, ಸ್ಟೋರಿನಿಂದ ಒಂದು ಕವರ್ ತಂದು ಮೇಜಿನ ಮೇಲೆ ಇಟ್ಟೇಬಿಟ್ಟರು. ಊರವರ ಕೇಸೆಲ್ಲ ಸಂಘದ ಮುಂದಿಟ್ಟ ನಾನು ನಿನ್ನದೊಂದನ್ನು ಮಾತ್ರ... ಸೋಲುವ ಕೇಸು ಅಂದುಕೊಂಡೆ. ಲೈನ್ ಮನೆ ಬಿಟ್ಟು ಅವ್ವನ ತವರು ಮಗ್ಗೆಗೆ ಬಂದೆವು. ಅದೇ ಸಾಲು ಹೊತ್ತುಕೊಂಡೇ ನೀನು ಹೋದೆ.

ಹೋದ ತಿಂಗಳು ಆನೇಮಹಲ್ಲಿನ ಗುಜರಿ ಅಂಗಡಿಯ ಮುಂದೆ ನಿನ್ನ ಬೆರಳು ಕೊಯ್ದ ಆ ಗರಗಸದ ಮೆಶಿನ್ ಬಿದ್ದಿತ್ತು. ಎಸ್ಟೇಟಿನವರು ಹೊಸದು ತಂದು ಹಳೇದನ್ನು ಎಸೆದಿದ್ದರು. ಸಂಘದ ಹೆಂಗಸರು ಸೇರಿ ಜೇನುಪೆಟ್ಟಿಗೆ ಮಾಡೋಣ ಅಂತಿದ್ದರು, ಅದಕ್ಕಾಗುತ್ತೆ ಅಂತ ಟೆಂಪೋಗೆ ಹೇರಿಕೊಂಡು ಬಂದೆ. ಅದೊಂದೇ ಕಾರಣವಾ? ನನಗೆ ನನ್ನ ಮೇಲೂ ಅನುಮಾನ. ಅವ್ವ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಮಪ್ಪನ ಕೈ ತಿಂದಿದ್ದು ಸಾಲ್ದು ಅಂತ ಮನೇಗೇ ತಂದ್ಯೇನೆ? ಅದಕ್ಕೆ ಹುಲ್ಲು ಹಾಕೋಳು ನಾನಲ್ಲ."

ಇನ್‌ಸ್ಪೆಕ್ಟರು ಎಸ್ಟೇಟಿನ ಮೆಶಿನ್ನುಗಳ ತಪಾಸಣೆಗೆ ಬರುವ ಮುಂಚೆ ವರ್ಷ ವರ್ಷವೂ ಬಣ್ಣ ಬಳಿಯುತ್ತಿದ್ದುದು ನೆನಪಿದೆಯಾ? ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ ಬಳಿದು ಮಿಕ್ಕ ಹಸಿರನ್ನು ಸಿಕ್ಕಿದ್ದಕ್ಕೆಲ್ಲ ಬಳಿಸೋರು. ಅಲ್ಲಾಡದೆ ನಿಂತರೆ ನಾಯಿಗೂ ಬಳೀತಾರೆ ಅಂತ ನೀನು ನಗುತ್ತಿದ್ದೆ. ತುಕ್ಕನ್ನು ಸೀಮೆಎಣ್ಣೆ ಹಾಕಿ ಉಜ್ಜಿದೆ. ಮೋಟಾರನ್ನು ಆಲೂರಿಗೆ ಕೊಂಡೊಯ್ದು ವೈಂಡಿಂಗ್ ಮಾಡಿಸಿದೆ. ಬಣ್ಣ ಕೆರೆಯಲು ಉಳಿ ಹಿಡಿದು ಕೂತೆ. ಕವರ್ ಕೂರಬೇಕಾದ ಕಡೆ ಬೋಲ್ಟಿನ ಎರಡು ತೂತು, ಎರಡೂ ಬಣ್ಣದಿಂದ ಮುಚ್ಚಿಹೋಗಿವೆ. ಒಂದನ್ನು ಕೆರೆದೆ. ಹಸಿರಿನ ಕೆಳಗೆ ಹಸಿರು, ಅದರ ಕೆಳಗೂ ಹಸಿರು. ತಳದಲ್ಲಿ, ಥ್ರೆಡ್ಡಿನ ಸುತ್ತುಗಳ ಮೇಲೆ, ಕಂಪನಿಯಿಂದ ಬಂದಾಗಿನ ಬೂದು ಬಣ್ಣ ಒಂದು ಗೀರೂ ಇಲ್ಲದೆ ಕೂತಿತ್ತು. ಬೋಲ್ಟು ಒಂದೇ ಒಂದು ಸಲ ತಿರುಗಿದ್ದರೂ ಆ ಬೂದು ಉಳೀತಿತ್ತಾ? ಇಷ್ಟಕ್ಕೇ ನಂಬಬಾರದು ಅಂತ ಮೋಟಾರು ಕೂರುವ ತೂತುಗಳನ್ನೂ ನೋಡಿದೆ. ಬೋಲ್ಟು ತಿರುಗಿ ತಿರುಗಿ ಅಲ್ಲಿ ಬರೀ ಕಬ್ಬಿಣ, ಬಣ್ಣದ ಸುಳಿವೇ ಇಲ್ಲ. ಆ ಮೆಶಿನ್ನಿಗೆ ಕವರನ್ನು ಒಂದು ದಿನವೂ ಹಾಕಿರಲಿಲ್ಲ, ಅಪ್ಪಾ. ನೀನು ಬಿಚ್ಚುವುದಾದರೂ ಏನನ್ನ?

ಮೊನ್ನೆ ಗುರುವಾರ ರೈಟರು ಜೀಪಿನಲ್ಲಿ ಬಂದರು. ನಿನ್ನನ್ನು ಸಾಯೋತನಕ 'ಏನ್ಲಾ' ಅಂದವರು ನನ್ನನ್ನು 'ಅಮ್ಮಾವ್ರೆ' ಅಂದರು. ಆಗಲೇ ನಾನು ಹುಷಾರಾದೆ. ಧಣಿಗಳಿಗೆ ಹಳೇ ಸಾಮಾನಿನ ಮೇಲೆ ಬಲು ಪ್ರೀತಿಯಂತೆ, ಬಂಗಲೆ ಮುಂದೆ ಇಡ್ತಾರಂತೆ, ಬದಲಿಗೆ ಹೊಸ ಮೆಶಿನ್ನೇ ಕೊಡ್ತಾರಂತೆ. ಕಾಫಿ ಕುಡಿದು ಲೋಟ ಕೆಳಗಿಡುತ್ತಾ ಮೆಲ್ಲಗೆ ಕೇಳಿದರು, "ಬಣ್ಣ ಏನಾದ್ರೂ ಕೆರೆದ್ರಾ, ಅಮ್ಮಾವ್ರೆ?"

ಮೆಶಿನ್ ಟಾರ್ಪಾಲಿನ ಕೆಳಗಿತ್ತು. ತುಕ್ಕು ಕೇಳಲಿಲ್ಲ, ಬ್ಲೇಡು ಕೇಳಲಿಲ್ಲ. ಬಣ್ಣವನ್ನೇ ಯಾಕೆ ಕೇಳಿದರು? ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಒಳಗಿಂದಲೇ ಅಂದಳು, "ಯಾಕ್ರೀ ರೈಟ್ರೇ, ಇನ್‌ಸ್ಪೆಕ್ಟ್ರು ಬತ್ತಾವ್ರಾ?"

ರೈಟರು ಎದ್ದರು. ಅವತ್ತಿನಿಂದ ಅವ್ವ ಚಾಪೆಯನ್ನು ಕೊಟ್ಟಿಗೆ ಬಾಗಿಲಿಗೇ ಹಾಸಿಕೊಳ್ಳುತ್ತಾಳೆ.

ನಿನ್ನೆ ಸಂಘದಲ್ಲಿ ಎದ್ದು ನಿಂತು ಮೊದಲು ನನ್ನ ತಪ್ಪು ಹೇಳಿದೆ. ಸುಳ್ಳು ಹೇಳುವುದು ಎಸ್ಟೇಟಿನ ಕೆಲಸ, ಹೇಳಿತು. ಅದನ್ನು ನಂಬಿ ನಿನ್ನನ್ನು ನಂಬದೇ ಇದ್ದದ್ದು ನಾನು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು... ಆಮೇಲೆ ಬೇಡಿಕೆ ಬರೆದೆವು, ಒಂದೇ ಒಂದು: ಆ ಸಾಲು ಹೊಡೆದುಹಾಕಿ, ಕವರ್ ಇರಲೇ ಇಲ್ಲ ಅಂತ ಧಣಿ ತನ್ನ ಕೈಯಾರೆ ಬರೆಯಬೇಕು.

ಇನ್ನೊಂದು ತೂತನ್ನು ನಾನು ಮುಟ್ಟಿಲ್ಲ. ಮೆಶಿನ್ನನ್ನು ಎಸ್ಟೇಟ್ ಗೇಟಿಗೇ ತರುತ್ತೇವೆ. ಧಣಿ ಬರಲಿ, ರೈಟರು ಬರಲಿ. ಲೈನಿನವರೆಲ್ಲ ನೋಡುತ್ತಿರುವಾಗ ಉಳಿ ಅವರ ಕೈಗೇ ಕೊಡುತ್ತೇನೆ, ಅವರೇ ಕೆರೆಯಲಿ. ಆ ಗೇಟಿನ ಮುಂದಿನ ಸಭೆಯಲ್ಲಿ ನಿನ್ನ ವಿಷಯವೇ ಮೊದಲನೆಯದು, ಅಪ್ಪಾ. ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.