ಇಬ್ರಾಹಿಂಪುರದ ಓಣಿಯ ಕೂಸು

ಇಬ್ರಾಹಿಂಪುರ, ವಿಜಾಪುರ
ರವಿವಾರ, ತಾ. ೨೦-೮-೧೯೬೧

ಪ್ರೀತಿಯ ಮಗಳು ಮುರಿಗೆವ್ವಳಿಗೆ, ನಿನ್ನ ಮಾವ ಶಿವಯೋಗೆಪ್ಪನ ಮನಸಾರೆ ಆಶೀರ್ವಾದಗಳು.

ನಿನ್ನ ಆರೋಗ್ಯ ಹೇಗಿದೆ? ನಿನ್ನ ತಾಯಿಯವರ ಎಡಗೈಯಲ್ಲಿ ಸ್ವಲ್ಪವಾದರೂ ಶಕ್ತಿ ಬಂದಿದೆಯೇ? ಎಣ್ಣೆ ತಿಕ್ಕುವುದನ್ನು ಬಿಡಬೇಡ. ಅವರ ಸೇವೆಯ ನೆಪದಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುವುದನ್ನೂ ಬಿಡಬೇಡ. ನಿನ್ನ ಸ್ವಭಾವ ನನಗೆ ಗೊತ್ತು. ಬಬಲೇಶ್ವರದ ಕಡೆ ಮಳೆ ಚೆನ್ನಾಗಿ ಆಯಿತೆಂದು ಕೇಳಿ ಸಂತೋಷವಾಯಿತು. ಇಲ್ಲಿ ನಾವು ಕ್ಷೇಮ. ನನ್ನ ಕೆಮ್ಮು ಇದ್ದ ಹಾಗೇ ಇದೆ. ನಿನ್ನ ಅತ್ತೆ ಅದರ ತಪ್ಪನ್ನು ಬೀಡಿಯ ಮೇಲೆ ಹಾಕುತ್ತಾಳೆ, ನಾನು ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಇಷ್ಟು ವರ್ಷ ನುಂಗಿದ ಹತ್ತಿಯ ಧೂಳಿನ ಮೇಲೆ ಹಾಕುತ್ತೇನೆ. ಜಗಳ ಇನ್ನೂ ಮುಗಿದಿಲ್ಲ. ನಿನ್ನ ಕೂಸು ನೀಲಾ ಮಾತ್ರ ಗಟ್ಟಿಮುಟ್ಟಾಗಿದ್ದಾಳೆ.

ಹೋಳಿ ಹುಣ್ಣಿಮೆಯ ಹೊತ್ತಿಗೆ ನೀನು ತಾಯಿಯನ್ನು ನೋಡಲು ಹೊರಟಾಗ ಕೂಸಿನ ಮೈತುಂಬ ದಡಾರ ಎದ್ದಿತ್ತು. ಎಂಟು ದಿನದಲ್ಲಿ ಬಂದುಬಿಡುತ್ತೇನೆಂದು ನಮ್ಮಲ್ಲಿ ಬಿಟ್ಟು ಹೋದೆ. ಆಮೇಲೆ ತಾಯಿ ಹಾಸಿಗೆಯಿಂದ ಏಳಲೇ ಇಲ್ಲ, ನಿನಗೆ ಬರಲಾಗಲಿಲ್ಲ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ಆದರೆ ಬಾಗಿಲಲ್ಲಿ ಕೂತು 'ಅವ್ವ ಬೇಕು' ಎಂದು ಅಳುವ ಮೂರು ವರ್ಷದ ಕೂಸನ್ನು ನೋಡುತ್ತ ಸುಮ್ಮನಿರುವ ಓಣಿ ಇದಲ್ಲ. ಒಂದು ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಾರೆ, ಗೂಡ್ಸ್ ಗಾಡಿ ಹೋದರೆ ಎಲ್ಲರ ಮನೆಯ ತಾಟುಗಳೂ ಒಮ್ಮೆಗೇ ನಡುಗುತ್ತವೆ. ಹೀಗಿರುವಾಗ ಒಬ್ಬರ ಅಳು ಒಬ್ಬರ ಮನೆಯಲ್ಲೇ ಹೇಗೆ ಉಳಿದೀತು? ಮುಂಜಾನೆ ಗೈಬುಸಾಬ ಟಾಂಗಾ ಹೂಡಿದರೆ ಇವಳು ಓಣಿಯ ಮೂಲೆಯವರೆಗೆ ಅದರಲ್ಲಿ ಕೂತು ಹೋಗಬೇಕು, ಅಲ್ಲಿಂದ ಅವನ ಹೆಂಡತಿ ಮುನೀರಾ ಹೊತ್ತು ತರಬೇಕು. ತಲೆಗೆ ಎಣ್ಣೆ ಮುನೀರಾಳ ಕಟ್ಟೆಯ ಮೇಲೆ, ಮಧ್ಯಾಹ್ನದ ಊಟ ಎದುರು ಮನೆಯ ರುಕ್ಮವ್ವನ ಹತ್ತಿರ, ನಿದ್ದೆ ಮಾತ್ರ ನಿನ್ನ ಅತ್ತೆಯ ಸೆರಗಿನಲ್ಲಿ. ಅಜ್ಜ ಎಂಬುವನೊಬ್ಬ ಇದ್ದಾನೆಂಬುದು ಬೆಲ್ಲ ಬೇಕಾದಾಗ ಅವಳಿಗೆ ನೆನಪಾಗುತ್ತದೆ. ಮೊದಮೊದಲು ಅವಳು ಅತ್ತಾಗಲೆಲ್ಲ ಓಣಿಯ ಹೆಂಗಸರು ಅಜ್ಜಿಯನ್ನೇ ತೋರಿಸಿ, "ಅಳಬ್ಯಾಡ ಬೇ, ಇಲ್ಲೇ ಅದಾಳಲ್ಲ ನಿಮ್ಮವ್ವ" ಎಂದು ಸಮಾಧಾನ ಮಾಡುತ್ತಿದ್ದರು. ಕೂಸು ಅಳು ನಿಲ್ಲಿಸಿದರೆ ಸಾಕೆಂದು ಎಲ್ಲರೂ ಹಾಗೇ ಹೇಳಿದರು.

ಹೋದ ತಿಂಗಳು ನಿನ್ನ ತಂದೆಯವರು ಬಂದಿದ್ದರು. ಟಿಕೋಟಾದಲ್ಲಿ ಕಿರಾಣಿ ಅಂಗಡಿ ಇಟ್ಟವರೊಬ್ಬರು, ಹೆಂಡತಿ ತೀರಿಕೊಂಡವರು, ನಿನ್ನನ್ನು ಉಡಿಕೆ ಮಾಡಿಕೊಳ್ಳಲು ಕೇಳಿದ್ದಾರೆಂದೂ ಕೂಸನ್ನೂ ಸಾಕಲು ಒಪ್ಪಿದ್ದಾರೆಂದೂ ಹೇಳಿದರು. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಸಂಸಾರಕ್ಕೆ ಕಳಿಸುವುದು ನಮ್ಮಲ್ಲಿ ಹೊಸದೇನಲ್ಲ. ನಮ್ಮ ಅಮರಪ್ಪ ಕಾಮಾಲೆಯಲ್ಲಿ ತೀರಿಕೊಂಡು ಬರುವ ದೀಪಾವಳಿಗೆ ಎರಡು ವರ್ಷವಾಗುತ್ತದೆ. ಇಷ್ಟು ಸಣ್ಣ ವಯಸ್ಸಿನ ನೀನು ಅವನ ಹೆಸರು ಹೇಳಿಕೊಂಡು ಸವೆಯಬೇಕೆಂದು ನಾನು ಬಯಸಿದರೆ ಆ ಮಗನೇ ನನ್ನನ್ನು ಕ್ಷಮಿಸಲಾರ. ನಿನ್ನ ತಂದೆಯವರ ಎದುರಿಗೇ ಹೂಂ ಎಂದೆ. ಅವರನ್ನು ಬಸ್ಸಿಗೆ ಕಳಿಸಿ ಬಂದು ಹಿತ್ತಲಲ್ಲಿ ಕೂತು ಮನಸೋಕ್ತ ಅತ್ತುಬಿಟ್ಟೆ.

ಆದರೆ ಕೂಸಿನ ಮಾತಿಗೆ ನಾನು ಬಾಯಿ ಬಿಡಲಿಲ್ಲ. ಉಡಿಕೆಯಾಗಿ ಹೋಗುವವಳು ಮೊದಲ ಗಂಡನ ಮಕ್ಕಳನ್ನು ಆ ಮನೆಯಲ್ಲೇ ಬಿಟ್ಟು ಹೋಗಬೇಕೆಂಬುದು ನಮ್ಮ ಹಿರಿಯರಿಂದ ಬಂದ ರೂಢಿ. ತೊರವಿಯಿಂದ ನನ್ನ ಅಣ್ಣ ಬಂದು, "ಕೂಸು ನಮ್ಮ ಮನಿದು, ಹ್ಯಾಂಗ ಕೊಡ್ತಿ ನೋಡ್ತೀನಿ" ಎಂದು ಗುಡುಗಿ ಹೋದ. ಓಣಿಯವರೆಲ್ಲ ಕಟ್ಟೆಯ ಮೇಲೆ ಕೂಡಿ ಪಂಚಾಯಿತಿ ಮಾಡಿದರು. ರುಕ್ಮವ್ವ, "ಆಕಿ ಹೋದ್ರ ಈ ಓಣ್ಯಾಗ ಇನ್ನೇನೈತ್ರಿ ಯಪ್ಪಾ? ನಾವೇನು ಆಕೀನ ಉಪಾಸ ಕೆಡವೀವೇನು?" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಯಾರ ಮೇಲೆ ಸಿಟ್ಟು ಮಾಡಲಿ? ಎಲ್ಲರದೂ ಪ್ರೀತಿಯೇ. ಕೂಸು ಬಾರದಿದ್ದರೆ ಉಡಿಕೆಯೇ ಬೇಡವೆಂದು ನೀನು ಹೇಳಿಕಳಿಸಿದ ಮಾತೂ ನನಗೆ ಮುಟ್ಟಿದೆ. ಅಂದಿನಿಂದ ನನ್ನ ಬಾಯಿಗೆ ರುಚಿಯಿಲ್ಲ.

ಮೊನ್ನೆ ಪಂಚಮಿಯ ರೊಟ್ಟಿ ಹಬ್ಬವಾಯಿತು. ಮನೆಮನೆಗೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪಲ್ಯ, ಚಟ್ನಿ ಓಡಾಡಿದವು. ನಿನ್ನ ಕೈಯ ತೆಳು ರೊಟ್ಟಿಯನ್ನು ಎಲ್ಲರೂ ನೆನೆದರು. ನಾನೂ ನೆನೆದು ನಿನ್ನ ಅತ್ತೆಯಿಂದ ಬೈಸಿಕೊಂಡೆ. ನೀಲಾ ಎರಡೂ ಕೈಯಲ್ಲಿ ಬುಟ್ಟಿ ಹಿಡಿದು, ಅರ್ಧ ರೊಟ್ಟಿ ದಾರಿಯಲ್ಲೇ ಮುರಿಯುತ್ತ, ಮನೆಮನೆಗೆ ಹಂಚಿದಳು. ಮುನೀರಾ ರೊಟ್ಟಿ ಇಸಿದುಕೊಂಡು ಸುಮ್ಮನೆ ಚೇಷ್ಟೆಗೆ, "ನಿಮ್ಮವ್ವ ಎಲ್ಲಿ ಹೋಗ್ಯಾಳ ಬೇ?" ಎಂದು ಕೇಳಿದಳು. ಕೂಸು ಓಡಿ ಬಂದು ನಿನ್ನ ಅತ್ತೆಯ ಕಾಲು ತಬ್ಬಿಕೊಂಡು, "ಇಲ್ಲೇ ಅದಾಳ" ಎಂದಿತು. "ಬಬಲೇಶ್ವರದಾಗ ಇರಾಕಿ ಯಾರು ಮತ್ತ?" ಎಂದು ಮುನೀರಾ ಕೇಳಿದರೆ ಸುಮ್ಮನೆ ಅವಳ ಮುಖ ನೋಡಿತು. ಹೆಂಗಸರೆಲ್ಲ ನಕ್ಕರು, ನಿನ್ನ ಅತ್ತೆಯೂ ನಕ್ಕಳು. ಆ ದಿನ ಅವಳು ಊಟ ಮಾಡಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಹಡದಾಕಿ ಇದನ್ನ ಕೇಳಿದ್ರ ಹ್ಯಾಂಗ ಆಗಬೇಕ್ರಿ?" ಎಂದಳು. ಇದನ್ನು ನಿನಗೆ ಬರೆಯಬಾರದೆಂದಿದ್ದೆ, ಬರೆದುಬಿಟ್ಟೆ. ನಿನ್ನಿಂದ ಏನನ್ನೂ ಮುಚ್ಚಿಟ್ಟು ನನಗೆ ರೂಢಿಯಿಲ್ಲ.

ಏನು ಮಾಡಲೆಂದು ನನಗೇ ತಿಳಿಯುತ್ತಿಲ್ಲ ಮಗಳೇ. ಕೂಸನ್ನು ಕೊಟ್ಟರೆ ಈ ಮನೆಯಲ್ಲಿ ಅಮರಪ್ಪನದೆನ್ನುವ ಜೀವ ಒಂದೂ ಉಳಿಯುವುದಿಲ್ಲ. ಕೊಡದಿದ್ದರೆ ನಿನ್ನ ಬಾಳು ಅಲ್ಲಿಗೇ ನಿಂತುಬಿಡುತ್ತದೆ. ದಸರೆಯವರೆಗೆ ತಡೆದುಕೊ. ಅಷ್ಟರಲ್ಲಿ ಅಣ್ಣನ ಮನಸ್ಸು ತಿರುಗೀತು, ನನಗೂ ಧೈರ್ಯ ಬಂದೀತು. ನಿನ್ನ ತಂದೆತಾಯಿಗಳಿಗೆ ನಮ್ಮ ಶರಣು ತಿಳಿಸು. ಗೈಬುಸಾಬ, ಮುನೀರಾ, ರುಕ್ಮವ್ವ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಶಿವನು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಮಾವ,
ಶಿವಯೋಗೆಪ್ಪ

ತಾ.ಕ.: ನಿನ್ನೆ ಅಂಟಿಸಿದ ಪಾಕೀಟನ್ನು ನಿನ್ನ ಅತ್ತೆ ಇವತ್ತು ಒಡೆಸಿದ್ದಾಳೆ. ದಸರೆಯವರೆಗೆ ಕಾಯುವುದು ಬೇಡವಂತೆ. "ತಡಾ ಮಾಡಿದಷ್ಟು ಕೂಸು ಆಕೀನ ಮರೀತೈತ್ರಿ, ಬರೀರಿ ಈಗಽ" ಎಂದು ನನ್ನ ಬಗಲಿಗೇ ನಿಂತಿದ್ದಾಳೆ. ಬರುವ ಗುರುವಾರ ಮುಂಜಾನೆಯ ಬಸ್ಸಿಗೆ ಕೂಸನ್ನು ಕರೆದುಕೊಂಡು ಬಂದು ನಿನ್ನ ಉಡಿಯಲ್ಲಿ ಹಾಕಿ ಹೋಗುತ್ತೇವೆ. ಅವಳು ನಿನ್ನವಳು. ತೊರವಿಯವರಿಗೆ ನಾನು ಉತ್ತರ ಕೊಡುತ್ತೇನೆ. ಮೊದಲ ಎರಡು ದಿನ ಹತ್ತಿರ ಬಾರದಿದ್ದರೆ ಎದೆ ಒಡೆದುಕೊಳ್ಳಬೇಡ. ಇವತ್ತು ಮುಂಜಾನೆಯಿಂದ ನಿನ್ನ ಅತ್ತೆ ಅವಳಿಗೆ, "ನಾ ಅವ್ವ ಅಲ್ಲ ಬೇ, ನಾ ಆಯಿ, ನಿಮ್ಮಪ್ಪನ ಅವ್ವ" ಎಂದು ಕಲಿಸುತ್ತಿದ್ದಾಳೆ. ಕೂಸು ಕೇಳುತ್ತಿಲ್ಲ. ಇದನ್ನು ಬರೆಯುವಾಗಲೂ 'ಅವ್ವಾ, ಅವ್ವಾ' ಎಂದು ಸೆರಗು ಹಿಡಿದು ಜಗ್ಗುತ್ತಿದೆ. ನಿನ್ನ ಅತ್ತೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಾಳೆ, ಓ ಎನ್ನುತ್ತಿಲ್ಲ.